ಕನ್ನಡಿಯನ್ನು ಹಿಡಿಯಬೇಡಿ, ಕೂರಿಸಿ

ದೂರದರ್ಶಕವನ್ನು ಸ್ವಂತ ಕೈಯಿಂದ ಕಟ್ಟುವ ಹವ್ಯಾಸಿಗಳು ನಾಲ್ಕು ಮಂದಿ ಸೇರಿದರೆ ಮಾತೆಲ್ಲ ಕನ್ನಡಿ ಉಜ್ಜುವುದರ ಸುತ್ತಲೇ. ಕಾರ್ಬೊರಂಡಮ್ ಪುಡಿ ಯಾವ ನಂಬರಿನದು, ಪಾಲಿಶ್ ಮಾಡುವ ಪಿಚ್ ಎಷ್ಟು ಗಟ್ಟಿಯಿರಬೇಕು, ಅಲ್ಯೂಮಿನಿಯಂ ಲೇಪ ಎಲ್ಲಿ ಹಾಕಿಸುವುದು. ಇಷ್ಟು ಕಷ್ಟಪಟ್ಟು ತಯಾರಿಸಿದ ಕನ್ನಡಿ ಕೊಳವೆಯ ತಳದಲ್ಲಿ ಯಾವುದರ ಮೇಲೆ ಕೂರಬೇಕು ಎಂಬ ಪ್ರಶ್ನೆ ಏಳುವುದು ಎಲ್ಲ ಮುಗಿದ ಮೇಲೆ. ಆಗ ಕೈಗೆ ಸಿಕ್ಕ ಪ್ಲೈವುಡ್ ತುಂಡಿಗೆ ಸಿಲಿಕೋನ್ ಅಂಟು ಮೆತ್ತಿ ಕನ್ನಡಿಯನ್ನು ಒತ್ತಿಬಿಡುವವರೇ ಹೆಚ್ಚು. ಆರು ಅಂಗುಲದ ಕನ್ನಡಿ ಈ ಉದಾಸೀನವನ್ನು ಸಹಿಸಿಕೊಳ್ಳುತ್ತದೆ. ಹದಿನಾರು ಅಂಗುಲದ್ದು ಸಹಿಸುವುದಿಲ್ಲ. ತಿಂಗಳುಗಟ್ಟಲೆ ಉಜ್ಜಿ ತಂದ ಆಕಾರ, ಗಾಜಿಗೆ ಒಂದು ಗೀರೂ ಬೀಳದೆ, ಮೊದಲ ರಾತ್ರಿಯೇ ಕೆಟ್ಟಿರುತ್ತದೆ.

ಕಾರಣ ಇಷ್ಟೇ: ಗಾಜು ಬಾಗುತ್ತದೆ. ಕೈಜಾರಿದರೆ ಚೂರಾಗುವ ವಸ್ತು ಬಾಗುತ್ತದೆಂದರೆ ನಂಬುವುದು ಕಷ್ಟ. ಆದರೆ ಇಲ್ಲಿ ಬಳಸುವ ಅಳತೆಗೋಲೇ ಬೇರೆ. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವ ಹಸಿರು ಬೆಳಕಿನ ಅಲೆಯುದ್ದ ಸುಮಾರು 550 ನ್ಯಾನೊಮೀಟರ್. ಲಾರ್ಡ್ ರೇಲೀ ಹಾಕಿಕೊಟ್ಟ ಹಳೆಯ ಲೆಕ್ಕದಂತೆ, ಬಿಂಬ ಕೆಡದಿರಬೇಕಾದರೆ ಬಂದು ಸೇರುವ ಬೆಳಕಿನಲ್ಲಿ ಕಾಲು ಅಲೆಯುದ್ದಕ್ಕಿಂತ ಹೆಚ್ಚಿನ ಏರುಪೇರು ಇರಬಾರದು. ಕನ್ನಡಿಗೆ ಬೆಳಕು ಹೋಗಿ, ಬಡಿದು, ವಾಪಸು ಬರುವುದರಿಂದ ಮೇಲ್ಮೈಯ ತಪ್ಪು ಇಮ್ಮಡಿಯಾಗುತ್ತದೆ. ಹಾಗಾಗಿ ಮೇಲ್ಮೈಗೆ ಸಿಗುವ ರಿಯಾಯಿತಿ ಅಲೆಯುದ್ದದ ಎಂಟನೇ ಒಂದು ಪಾಲು, ಅಂದರೆ ಸುಮಾರು 70 ನ್ಯಾನೊಮೀಟರ್. ಹದಿನಾರು ಅಂಗುಲದ ಕನ್ನಡಿಯನ್ನು ಬೆಂಗಳೂರಿನಿಂದ ಮೈಸೂರಿನವರೆಗೆ, ಸುಮಾರು 140 ಕಿಲೋಮೀಟರ್ ಹಿಗ್ಗಿಸಿದೆವೆನ್ನಿ. ಅಷ್ಟು ಹರವಿನಲ್ಲಿ ಎಲ್ಲಿಯೂ ಒಂದು ಅಂಗುಲ ಮೀರಿದ ಉಬ್ಬುತಗ್ಗು ಇರಕೂಡದು. ಹೀಗೆ ಅಳೆದರೆ ಗಾಜು ಮೆತ್ತನೆಯ ವಸ್ತು.

ಎಷ್ಟು ಬಾಗುತ್ತದೆ ಎನ್ನುವುದಕ್ಕೂ ನಿಯಮವಿದೆ. ದುಂಡನೆಯ ಬಿಲ್ಲೆಯೊಂದು ಸ್ವಂತ ಭಾರಕ್ಕೆ ಬಾಗುವ ಪ್ರಮಾಣ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಫ್ರಾನ್ಸಿನ ಖಗೋಳಜ್ಞ ಆಂದ್ರೆ ಕೂದೇರ್ 1931ರಲ್ಲಿ ದೊಡ್ಡ ಕನ್ನಡಿಗಳ ಬಾಗನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದಾಗ ಆಧಾರವಾಗಿಟ್ಟುಕೊಂಡದ್ದು ಇದೇ ಅನುಪಾತವನ್ನು. ದಪ್ಪವನ್ನು ಹಾಗೇ ಇಟ್ಟು ವ್ಯಾಸವನ್ನು ಇಮ್ಮಡಿ ಮಾಡಿದರೆ ಬಾಗು ಹದಿನಾರು ಪಟ್ಟು. ದಪ್ಪವನ್ನೂ ಜೊತೆಯಲ್ಲೇ ಇಮ್ಮಡಿ ಮಾಡಿದರೂ ನಾಲ್ಕು ಪಟ್ಟು ಉಳಿದೇ ಉಳಿಯುತ್ತದೆ. 34 ಮಿಲಿಮೀಟರ್ ದಪ್ಪದ ಎಂಟು ಅಂಗುಲದ ಕನ್ನಡಿಯಲ್ಲಿ ಪಳಗಿದವರು 42 ಮಿಲಿಮೀಟರ್ ದಪ್ಪದ ಹದಿನಾರು ಅಂಗುಲದ್ದಕ್ಕೆ ಕೈ ಹಾಕಿದರೆ, ಅವರ ಕಷ್ಟ ಎರಡು ಪಟ್ಟಲ್ಲ, ಹತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚು.

ಈ ಪಾಠವನ್ನು ಮೊದಲು ದುಬಾರಿ ಬೆಲೆ ತೆತ್ತು ಕಲಿತವರಲ್ಲಿ ವಿಲಿಯಂ ಹರ್ಷೆಲ್ ಒಬ್ಬ. ಇಂಗ್ಲೆಂಡಿನ ಸ್ಲೌ ಎಂಬಲ್ಲಿ ಕಟ್ಟಿದ ನಲವತ್ತು ಅಡಿಯ ದೂರದರ್ಶಕಕ್ಕೆ ಅವನು 1785ರಲ್ಲಿ 48 ಅಂಗುಲದ ಲೋಹದ ಕನ್ನಡಿ ಎರಕ ಹೊಯ್ಯಿಸಿದ. ಅದು ನಡುವೆ ತೆಳುವಾಗಿ ಬಂತು, ಆಕಾರ ಉಳಿಸಿಕೊಳ್ಳಲಿಲ್ಲ. ಮತ್ತೊಂದನ್ನು ಇನ್ನೂ ದಪ್ಪಗೆ ಮಾಡಿಸಬೇಕಾಯಿತು. ಅದರ ತೂಕ ಸುಮಾರು ಒಂದು ಟನ್. ಬಾಗಿದರೆ ದಪ್ಪ ಮಾಡು, ಇದು ಹರ್ಷೆಲನ ಕಾಲದ ಉತ್ತರ. ದಪ್ಪ ಮಾಡಿದರೆ ಭಾರವೂ ಏರುತ್ತದೆ, ಭಾರ ಏರಿದರೆ ಅದನ್ನು ಹೊರುವ ಕಟ್ಟಡವೂ ಬೆಳೆಯುತ್ತದೆ. ಈ ದಾರಿಗೆ ಕೊನೆಯಿಲ್ಲ.

ಬೇರೊಂದು ಉತ್ತರ ಐರ್ಲೆಂಡಿನಲ್ಲಿ ಹುಟ್ಟಿತು. ಡಬ್ಲಿನ್ನಿನ ಥಾಮಸ್ ಗ್ರಬ್ 1830ರ ದಶಕದಲ್ಲಿ ಆರ್ಮಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕಕ್ಕೆ ಕನ್ನಡಿಯ ಭಾರವನ್ನು ಸನ್ನೆಗಳ ಮೂಲಕ ಹಂಚುವ ಆಸರೆಯೊಂದನ್ನು ರೂಪಿಸಿದ. ಲಾರ್ಡ್ ರಾಸ್ ಬರ್ ಕೋಟೆಯಲ್ಲಿ 1845ರಲ್ಲಿ ನಿಲ್ಲಿಸಿದ 72 ಅಂಗುಲದ ದೈತ್ಯ ದೂರದರ್ಶಕ ಅದೇ ಉಪಾಯವನ್ನು ದೊಡ್ಡದಾಗಿ ಬಳಸಿತು. ಸುಮಾರು ಮೂರು ಟನ್ನಿನ ಆ ಲೋಹದ ಕನ್ನಡಿ 27 ತ್ರಿಕೋನ ಫಲಕಗಳ ಮೂಲಕ 81 ಬಿಂದುಗಳ ಮೇಲೆ ಕೂತಿತ್ತು. ಆ ವಸಂತದಲ್ಲೇ ರಾಸ್ ಎಂ51 ಎಂಬ ನೀಹಾರಿಕೆಯಲ್ಲಿ ಸುರುಳಿಯನ್ನು ಗುರುತಿಸಿದ. ಒಂದು ಗೆಲಾಕ್ಸಿಯ ಸುರುಳಿ ಮನುಷ್ಯನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. ಚರಿತ್ರೆಯ ಪುಸ್ತಕಗಳು ಕನ್ನಡಿಯ ಗಾತ್ರವನ್ನು ಕೊಂಡಾಡುತ್ತವೆ. ಆ ಗಾತ್ರ ಕೆಲಸಕ್ಕೆ ಬರುವಂತೆ ಮಾಡಿದ 81 ಬಿಂದುಗಳಿಗೆ ಅಲ್ಲಿ ಒಂದು ಸಾಲೂ ಸಿಗುವುದು ಅಪರೂಪ.

81 ಯಾಕೆ ಎಂದು ತಿಳಿಯಬೇಕಾದರೆ ಮೂರರಿಂದ ಶುರು ಮಾಡಬೇಕು. ಯಾವುದೇ ವಸ್ತು ಮೂರು ಬಿಂದುಗಳ ಮೇಲೆ ಅಲುಗಾಡದೆ ಕೂರುತ್ತದೆ, ಆ ಬಿಂದುಗಳು ಏರುತಗ್ಗಾಗಿದ್ದರೂ. ನಾಲ್ಕನೆಯದನ್ನು ಸೇರಿಸಿದ ಕೂಡಲೇ ತೊಂದರೆ ಶುರು: ನಾಲ್ಕೂ ಕರಾರುವಾಕ್ಕಾಗಿ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಒಂದು ಬಿಂದು ಭಾರ ಹೊರದೆ ತಪ್ಪಿಸಿಕೊಳ್ಳುತ್ತದೆ, ಉಳಿದವು ಅದರ ಪಾಲನ್ನೂ ಹೊರುತ್ತವೆ. ಗಟ್ಟಿ ಹಲಗೆಯೊಂದರ ಮೇಲೆ ಹದಿನೆಂಟು ಗುಬುಟು ಅಂಟಿಸಿ ಕನ್ನಡಿ ಇಟ್ಟರೆ, ನಿಜವಾಗಿ ಹೊರುವವು ಎಲ್ಲಕ್ಕಿಂತ ಎತ್ತರವಿರುವ ಮೂರು ಮಾತ್ರ. ಆ ಮೂರು ಯಾವುವು ಎನ್ನುವುದು ಹಲಗೆಯ ತೇವಕ್ಕೂ ಬೋಲ್ಟಿನ ಬಿಗಿತಕ್ಕೂ ಬಿಟ್ಟ ವಿಷಯ. ಎಪ್ಪತ್ತು ನ್ಯಾನೊಮೀಟರಿನ ಲೆಕ್ಕದಲ್ಲಿ ಹದಿನೆಂಟು ಗುಬುಟುಗಳನ್ನು ಒಂದೇ ಮಟ್ಟಕ್ಕೆ ತರುವ ಕೈ ಈ ಭೂಮಿಯ ಮೇಲಿಲ್ಲ.

ಗ್ರಬ್ಬನ ಉಪಾಯ ಮಟ್ಟದ ಗೊಡವೆಯನ್ನೇ ಬಿಟ್ಟಿತು. ತಕ್ಕಡಿಯ ದಂಡಿ ನಡುವೆ ತೂಗುಹಾಕಿದ್ದರೆ ಎರಡು ತಟ್ಟೆಗಳಲ್ಲಿ ಒಂದು ಮೇಲೆ, ಒಂದು ಕೆಳಗಿದ್ದರೂ ನಿಂತ ಮೇಲೆ ಎರಡರ ಭಾರವೂ ಒಂದೇ. ಕನ್ನಡಿಯ ಆಸರೆಯಲ್ಲಿ ತಟ್ಟೆಯ ಜಾಗದಲ್ಲಿ ಗಾಜು ಕೂರುತ್ತದೆ, ದಂಡಿಯ ಜಾಗದಲ್ಲಿ ತ್ರಿಕೋನ ಫಲಕ. ಫಲಕದ ಮೂರು ಮೂಲೆಗಳ ಮೇಲೆ ಗಾಜು, ಫಲಕ ತನ್ನ ಗುರುತ್ವಕೇಂದ್ರದಲ್ಲಿ ಒಂದೇ ಬಿಂದುವಿನ ಮೇಲೆ. ಆಗ ಮೂರು ಮೂಲೆಗಳೂ ಸಮಭಾರ ಹೊರಲೇಬೇಕು, ಬೇರೆ ದಾರಿಯೇ ಇಲ್ಲ. ಅಂಥ ಮೂರು ಫಲಕಗಳಾದರೆ ಒಂಬತ್ತು ಬಿಂದುಗಳ ಆಸರೆ. ಮೂರು ಮೂರು ಫಲಕಗಳನ್ನು ಇನ್ನೊಂದು ದೊಡ್ಡ ಫಲಕದ ಮೇಲೆ ಕೂರಿಸಿದರೆ 27. ಇನ್ನೊಂದು ಹಂತ ಹೋದರೆ ರಾಸನ 81. ಎಷ್ಟು ಹಂತ ಹೋದರೂ ಕಟ್ಟಕಡೆಗೆ ನೆಲ ಮುಟ್ಟುವುದು ಮೂರೇ ಬಿಂದು.

ಇವತ್ತಿನ ಹವ್ಯಾಸಿ 16ರಿಂದ 20 ಅಂಗುಲದ ಕನ್ನಡಿಗೆ ಸಾಮಾನ್ಯವಾಗಿ ಕಟ್ಟುವುದು 18 ಬಿಂದುಗಳ ಸೆಲ್, ಅಂದರೆ ಆಸರೆಯ ಚೌಕಟ್ಟು. ಅದರ ರಚನೆ ಹೀಗೆ: ಮೂರು ಕಬ್ಬಿಣದ ಪಟ್ಟಿಗಳು, ಪ್ರತಿ ಪಟ್ಟಿಯ ಎರಡು ತುದಿಗೆ ಎರಡು ತ್ರಿಕೋನ ಫಲಕಗಳು, ಪ್ರತಿ ಫಲಕಕ್ಕೆ ಮೂರು ಬಿಂದುಗಳು. ಹದಿನೆಂಟರಲ್ಲಿ ಆರು ಬಿಂದುಗಳು ಕನ್ನಡಿಯ ಒಳಸುತ್ತಿನಲ್ಲಿ, ಹನ್ನೆರಡು ಹೊರಸುತ್ತಿನಲ್ಲಿ. ಪ್ರತಿ ಪಟ್ಟಿಯ ನಡುವೆ ಒಂದು ಬೋಲ್ಟ್. ಆ ಮೂರು ಬೋಲ್ಟುಗಳೇ ಕನ್ನಡಿಯನ್ನು ಓರೆ ಮಾಡಿ ದೃಗ್ರೇಖೆ ಸರಿಪಡಿಸುವ ತಿರುಪುಗಳೂ ಹೌದು. 42 ಮಿಲಿಮೀಟರ್ ದಪ್ಪದ 16 ಅಂಗುಲದ ಪೈರೆಕ್ಸ್ ಕನ್ನಡಿಯ ತೂಕ ಹನ್ನೊಂದು ಕಿಲೋ ದಾಟುತ್ತದೆ. ಬಿಂದುವೊಂದರ ಪಾಲಿಗೆ ಬರುವುದು ಸುಮಾರು 630 ಗ್ರಾಂ. ಬೇಕಾದ ಸಾಮಾನೆಲ್ಲ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುವಂಥದ್ದು: ಪಟ್ಟಿ, ತಗಡು, ದುಂಡುತಲೆಯ ಬೋಲ್ಟು, ಕುರ್ಚಿಯ ಕಾಲಿಗೆ ಹಾಕುವ ನೈಲಾನ್ ಬಿಲ್ಲೆ.

ಕಟ್ಟುವವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಒಂದು ಬಿಲ್ಲೆ ಪಕ್ಕದ್ದಕ್ಕಿಂತ ಒಂದು ಮಿಲಿಮೀಟರ್ ಎತ್ತರವಾಯಿತೆಂದು ನಿದ್ದೆಗೆಡಬೇಕಾಗಿಲ್ಲ, ಫಲಕ ತುಸು ವಾಲಿ ಅದನ್ನು ನುಂಗಿಕೊಳ್ಳುತ್ತದೆ. ಆದರೆ ಫಲಕಕ್ಕೆ ತೂತು ಕೊರೆಯುವ ಜಾಗ ತಪ್ಪಿದರೆ ಭಾರದ ಹಂಚಿಕೆಯೇ ತಪ್ಪುತ್ತದೆ, ಅದನ್ನು ಸರಿಪಡಿಸುವವರಿಲ್ಲ. ಎತ್ತರದ ತಪ್ಪಿಗೆ ಕ್ಷಮೆಯುಂಟು, ಅಡ್ಡಳತೆಯ ತಪ್ಪಿಗೆ ಇಲ್ಲ. ಇನ್ನೊಂದು, ಕೀಲುಗಳು ಸಡಿಲವಾಗಿ ತೂಗಾಡಬೇಕು. ನಟ್ಟನ್ನು ಬಿಗಿದು ಫಲಕವನ್ನು ಅಲುಗಾಡದಂತೆ ಮಾಡಿ, ಗಟ್ಟಿಮುಟ್ಟಾಗಿದೆ ಎಂದು ಬೀಗುವವರಿದ್ದಾರೆ. ಬಿಗಿದ ಕ್ಷಣ ಹದಿನೆಂಟು ಬಿಂದುಗಳ ಸೆಲ್ ಮೂರು ಬಿಂದುಗಳದ್ದಾಗುತ್ತದೆ.

ಬಿಂದುಗಳನ್ನು ಕೇಂದ್ರದಿಂದ ಎಷ್ಟು ದೂರದಲ್ಲಿ ಇಡಬೇಕು? ಮೂರು ಬಿಂದುಗಳ ಸರಳ ಆಸರೆಗೆ ಹಳಬರು ಹೇಳುತ್ತಿದ್ದದ್ದು ತ್ರಿಜ್ಯದ ಶೇಕಡಾ 70ರ ಸುತ್ತು. ಆ ಸುತ್ತಿನ ಒಳಗೆ ಅರ್ಧ ಗಾಜು, ಹೊರಗೆ ಅರ್ಧ ಗಾಜು, ಸಮತೋಲ ಎಂಬ ವಾದ. ಕಂಪ್ಯೂಟರ್ ಲೆಕ್ಕ ಬಂದ ಮೇಲೆ ಉತ್ತರ ಬದಲಾಯಿತು. ಜಪಾನಿನ ತೋಶಿಮಿ ತಾಕಿ ರೂಪಿಸಿದ ಲೆಕ್ಕದ ವಿಧಾನವನ್ನು ಮುಂದುವರಿಸಿ ಡೇವಿಡ್ ಲೂಯಿಸ್ 1990ರ ದಶಕದ ಕೊನೆಯಲ್ಲಿ ‘ಪ್ಲಾಪ್’ ಎಂಬ ಪುಕ್ಕಟೆ ತಂತ್ರಾಂಶ ಕೊಟ್ಟರು. ಕನ್ನಡಿಯ ವ್ಯಾಸ, ದಪ್ಪ, ಸಂಗಮದೂರ, ಗಾಜಿನ ಜಾತಿ ಕೊಟ್ಟರೆ ಬಿಂದುಗಳ ಜಾಗವನ್ನು ಅದೇ ಹುಡುಕುತ್ತದೆ. ಮೂರು ಬಿಂದುಗಳಿಗೆ ಅದು ಸೂಚಿಸುವುದು ತ್ರಿಜ್ಯದ ಶೇಕಡಾ 40ರ ಆಸುಪಾಸು. ಕಾರಣ ಸೊಗಸಾಗಿದೆ. ಕನ್ನಡಿಯ ಅಂಚು ಎಲ್ಲ ಕಡೆಯೂ ಸಮನಾಗಿ ಇಳಿದು ಹೊಸದೊಂದು ಪರವಲಯವಾದರೆ ಬಿಂಬ ಕೆಡುವುದಿಲ್ಲ, ಸಂಗಮ ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ ಅಷ್ಟೇ. ನೋಡುವವರು ಫೋಕಸ್ ತಿರುಪನ್ನು ತುಸು ತಿರುಗಿಸಿದರೆ ಮುಗಿಯಿತು. ಆದ್ದರಿಂದ ಎಲ್ಲ ಬಾಗನ್ನೂ ತಡೆಯುವ ಹಟ ಬೇಡ, ಫೋಕಸ್ಸಿನಿಂದ ಸರಿಹೋಗದ ಬಾಗನ್ನು ಮಾತ್ರ ತಡೆದರೆ ಸಾಕು. ಗುರಿ ಹೀಗೆ ಬದಲಾದ ಕೂಡಲೇ ಬಿಂದುಗಳ ಜಾಗವೂ ಬದಲಾಯಿತು.

ಇಷ್ಟೆಲ್ಲ ತಲೆಬಿಸಿ ಹವ್ಯಾಸಿಗಳ ಪಾಲಿಗೆ ಬಂದದ್ದು ಯಾವಾಗಿನಿಂದ? ಗಾಜಿನ ಮೇಲೆ ಬೆಳ್ಳಿ ಲೇಪಿಸುವ ಪದ್ಧತಿ 1850ರ ದಶಕದ ಕೊನೆಗೆ ಬಂದು ಲೋಹದ ಕನ್ನಡಿಯನ್ನು ಮೂಲೆಗೆ ತಳ್ಳಿತು. ದಪ್ಪ ವ್ಯಾಸದ ಆರನೇ ಒಂದು ಪಾಲಿರಬೇಕು ಎಂಬ ರೂಢಿ ಹವ್ಯಾಸಿಗಳಲ್ಲಿ ಬೇರೂರಿತು. ಅಷ್ಟು ದಪ್ಪದ ಗಾಜಿನ ಬಿಲ್ಲೆಗೆ ದುಡ್ಡೂ ಹೆಚ್ಚು, ಭಾರವೂ ಹೆಚ್ಚು. ಹಾಗಾಗಿ ಹವ್ಯಾಸಿಗಳ ಕನ್ನಡಿ ಎಂಟು–ಹತ್ತು ಅಂಗುಲಕ್ಕೆ ನಿಲ್ಲುತ್ತಿತ್ತು. ಆ ರೂಢಿಯನ್ನು ಮುರಿದವರು ಜಾನ್ ಡಾಬ್ಸನ್. ಚೀನಾದಲ್ಲಿ ಹುಟ್ಟಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೆಳೆದ ಡಾಬ್ಸನ್ 1944ರಲ್ಲಿ ಅಲ್ಲಿನ ವೇದಾಂತ ಸೊಸೈಟಿಗೆ ಸೇರಿ, ರಾಮಕೃಷ್ಣ ಪರಂಪರೆಯ ಆ ಮಠದಲ್ಲಿ 23 ವರ್ಷ ಸಾಧಕರಾಗಿದ್ದರು. ಕೈಯಲ್ಲಿ ಕಾಸಿಲ್ಲ, ಹಡಗಿನ ಕಿಟಕಿಯ ಹಳೆಯ ಗಾಜೇ ಕನ್ನಡಿಯಾಯಿತು. 1967ರಲ್ಲಿ ಮಠ ಬಿಟ್ಟ ಮೇಲೆ ರಸ್ತೆ ಬದಿಯಲ್ಲಿ ದೂರದರ್ಶಕ ನಿಲ್ಲಿಸಿ ಹೋಗಿಬರುವವರಿಗೆಲ್ಲ ಚಂದ್ರನನ್ನೂ ಶನಿಯನ್ನೂ ತೋರಿಸುವುದೇ ಅವರ ಕಾಯಕವಾಯಿತು. ತೆಳು ಗಾಜಿನಿಂದಲೂ ದೊಡ್ಡ ಕನ್ನಡಿ ಮಾಡಬಹುದು, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು.

ಡಾಬ್ಸನ್ ಮಾದರಿಯ ಗುಣವೊಂದು ಕನ್ನಡಿಯ ಆಸರೆಗೆ ವರವಾಯಿತು. ಆ ದೂರದರ್ಶಕ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ತಿರುಗುತ್ತದೆ. ಹಾಗಾಗಿ ಎತ್ತ ನೋಡಿದರೂ ಕನ್ನಡಿಯ ತಳದ ಅಂಚು ಅದೇ ತಳದ ಅಂಚು. ಧ್ರುವದ ದಿಕ್ಕಿಗೆ ಅಕ್ಷವಿಟ್ಟು ತಿರುಗುವ ಹಳೆಯ ಮಾದರಿಯಲ್ಲಿ ಆಕಾಶದ ಬೇರೆ ಬೇರೆ ಕಡೆಗೆ ಬೇರೆ ಬೇರೆ ಅಂಚು ಕೆಳಗೆ ಬರುತ್ತಿತ್ತು, ಸುತ್ತಲೂ ಆಸರೆ ಬೇಕಿತ್ತು. ಡಾಬ್ಸನ್ ಮಾದರಿಯಲ್ಲಿ ಕೆಳಗಿನ ಅರ್ಧಕ್ಕೆ ಕೊಟ್ಟರೆ ಸಾಕು. ಕಾರಿನ ಸೀಟ್ ಬೆಲ್ಟಿನ ಪಟ್ಟಿಯನ್ನು ಜೋಲಿಯ ಹಾಗೆ ಕಟ್ಟಿ ಕನ್ನಡಿಯ ಅಂಚನ್ನು ಅದರಲ್ಲಿ ಕೂರಿಸುವ ಪದ್ಧತಿ ಹೀಗೆ ಬಂತು.

ಅಂಚಿನ ಆಸರೆ ನಮ್ಮ ನಾಡಿನವರಿಗೆ ಇನ್ನಷ್ಟು ಮುಖ್ಯ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಯುರೋಪಿನ ಬಹುಪಾಲು ಜನ ಕಾಣಲಾರದ ಒಮೆಗಾ ಸೆಂಟಾರಿ ತಾರಾಗುಚ್ಛ ಇಲ್ಲಿ ಕಾಣುತ್ತದೆ, ಆದರೆ ಅತಿ ಹೆಚ್ಚೆಂದರೆ 30 ಡಿಗ್ರಿ ಎತ್ತರದಲ್ಲಿ. ಈಟಾ ಕರೀನೆಯ ನೀಹಾರಿಕೆ 17 ಡಿಗ್ರಿಗಿಂತ ಮೇಲೇರುವುದೇ ಇಲ್ಲ. 30 ಡಿಗ್ರಿಗೆ ಗುರಿಯಿಟ್ಟ ದೂರದರ್ಶಕದಲ್ಲಿ ಹಿಂದಿನ ಹದಿನೆಂಟು ಬಿಂದುಗಳ ಮೇಲೆ ಬೀಳುವುದು ಕನ್ನಡಿಯ ಭಾರದ ಅರ್ಧ ಮಾತ್ರ, ಅಂಚಿನ ಮೇಲೆ ಬೀಳುವುದು ಶೇಕಡಾ 87. ದಕ್ಷಿಣದ ಆಕಾಶದ ಆಸೆಗೆ ದೊಡ್ಡ ಕನ್ನಡಿ ಕಟ್ಟುವವರು ಹಿಂಬದಿಯ ಆಸರೆಗೆ ವಾರಗಟ್ಟಲೆ ಕೂತು ಅಂಚಿಗೆ ಎರಡು ಮೊಳೆ ಹೊಡೆದು ಕೈ ತೊಳೆದುಕೊಂಡರೆ ಲೆಕ್ಕ ತಲೆಕೆಳಗಾದಂತೆ.

ಮೊಳೆಯೇ ಆದರೂ ಎಲ್ಲಿ ಹೊಡೆಯಬೇಕೆಂಬುದಕ್ಕೆ ಉತ್ತರವಿದೆ. ಎರಡು ಬಿಂದುಗಳು ತಳದಲ್ಲಿ ತೀರಾ ಹತ್ತಿರವಿದ್ದರೆ ಕನ್ನಡಿ ಮೇಲಿನಿಂದ ಕೆಳಕ್ಕೆ ಅಮುಕಿಕೊಳ್ಳುತ್ತದೆ, ತೀರಾ ದೂರವಿದ್ದರೆ ಎಡಬಲದಿಂದ ಹಿಂಡಿಸಿಕೊಳ್ಳುತ್ತದೆ. ತಳದಿಂದ ಎಡಕ್ಕೆ 45, ಬಲಕ್ಕೆ 45 ಡಿಗ್ರಿ ಇಟ್ಟರೆ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಇನ್ನೂ ದೊಡ್ಡ ಕನ್ನಡಿಗೆ ಆ ಎರಡು ಜಾಗದಲ್ಲೂ ಒಂದೊಂದು ತೂಗುಪಟ್ಟಿ ಕೊಟ್ಟು ನಾಲ್ಕು ಬಿಂದು ಮಾಡಬಹುದು. ಜೋಲಿಯಾಗಲಿ ಬಿಂದುವಾಗಲಿ, ಅದು ಕನ್ನಡಿಯ ಗುರುತ್ವಕೇಂದ್ರದ ಮಟ್ಟದಲ್ಲೇ ಅಂಚನ್ನು ಮುಟ್ಟಬೇಕು. ಮುಂದೆ ಸರಿದರೂ ಹಿಂದೆ ಸರಿದರೂ ಕನ್ನಡಿ ಮಗುಚುವ ಎಳೆತಕ್ಕೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಮುಖ ಒಳಗೆ ಬಾಗಿರುವುದರಿಂದ ಆ ಮಟ್ಟ ದಪ್ಪದ ನಟ್ಟನಡುವೆ ಇರುವುದಿಲ್ಲ, ತುಸು ಹಿಂದಕ್ಕೆ ಇರುತ್ತದೆ. ನಾವು ಹೇಳುತ್ತಿರುವ 16 ಅಂಗುಲದ ಕನ್ನಡಿಯ ಸಂಗಮದೂರ ವ್ಯಾಸದ ನಾಲ್ಕೂವರೆ ಪಟ್ಟಾದರೆ, ಸುಮಾರು ಒಂದೂವರೆ ಮಿಲಿಮೀಟರ್ ಹಿಂದೆ.

ಇನ್ನು ಅಂಟು. ಎಂಟು ಅಂಗುಲದೊಳಗಿನ ಕನ್ನಡಿಗೆ ಮೂರು ದಪ್ಪ ಸಿಲಿಕೋನ್ ಉಂಡೆಗಳು ಸಾಕು, ಅವು ರಬ್ಬರಿನಂತೆ ಹಿಗ್ಗಿ ಕುಗ್ಗಿ ಗಾಜನ್ನು ಕಾಪಾಡುತ್ತವೆ. ದೊಡ್ಡ ಕನ್ನಡಿಗೆ ಅಂಟು ಶತ್ರು. ಪೈರೆಕ್ಸ್ ಗಾಜು ಬಿಸಿಗೆ ಹಿಗ್ಗುವುದು ಉಕ್ಕಿನ ಕಾಲು ಪಾಲಿನಷ್ಟು, ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಂಜೆ ಮನೆಯಿಂದ ಹೊರತಂದ ದೂರದರ್ಶಕ ತಣಿಯುತ್ತಾ ಹೋದಂತೆ ಲೋಹ ಬೇಗ ಕುಗ್ಗಿ, ಅಂಟಿಕೊಂಡ ಗಾಜನ್ನು ಎಳೆಯುತ್ತದೆ. ಕನ್ನಡಿ ಜಾರಿ ಬೀಳದಂತೆ ಮುಂದೆ ಹಾಕುವ ಕ್ಲಿಪ್ಪುಗಳ ಕಥೆಯೂ ಇದೇ: ಕ್ಲಿಪ್ಪಿಗೂ ಗಾಜಿಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಅದು ಬೀಳದಂತೆ ತಡೆಯುವ ಬೇಲಿ, ಹಿಡಿದಿಡುವ ಚಿಮಟ ಅಲ್ಲ. ಸೆಲ್‌ನ ಹಿಂಬದಿ ಮುಚ್ಚದೆ ತೆರೆದಿರಲಿ. ತೆಳು ಕನ್ನಡಿಯ ದೊಡ್ಡ ಲಾಭವೇ ಬೇಗ ತಣಿಯುವುದು, ದಪ್ಪ ಇಮ್ಮಡಿಯಾದರೆ ಗಾಜು ತಣಿಯಲು ನಾಲ್ಕು ಪಟ್ಟು ಹೊತ್ತು ಬೇಕು. ಹಿಂದೆ ಗಾಳಿಯಾಡದಂತೆ ಹಲಗೆ ಬಡಿದರೆ ಆ ಲಾಭ ಕೈಬಿಟ್ಟಂತೆ.

ವೃತ್ತಿಪರರ ದಾರಿ ಈಗ ಬೇರೆ. 1948ರಲ್ಲಿ ಉದ್ಘಾಟನೆಯಾದ ಪಾಲೊಮಾರ್ ಬೆಟ್ಟದ 200 ಅಂಗುಲದ ಕನ್ನಡಿಗೆ 36 ಸನ್ನೆಯಂತ್ರಗಳಿದ್ದವು, ಗ್ರಬ್ಬನ ವಂಶದವೇ. ನೈನಿತಾಲಿನ ಬಳಿ ದೇವಸ್ಥಳದಲ್ಲಿ 2016ರಲ್ಲಿ ಚಾಲನೆಗೊಂಡ 3.6 ಮೀಟರ್ ದೂರದರ್ಶಕದ ಕನ್ನಡಿಯ ದಪ್ಪ ವ್ಯಾಸದ ಇಪ್ಪತ್ತನೇ ಒಂದು ಪಾಲಿಗಿಂತ ಕಡಿಮೆ. ಅದರ ಬೆನ್ನಿಗೆ 69 ಚಾಲಕಗಳಿವೆ. ನಕ್ಷತ್ರದ ಬಿಂಬವನ್ನು ನೋಡಿ ಕಂಪ್ಯೂಟರ್ ಲೆಕ್ಕ ಹಾಕಿ, ಯಾವ ಚಾಲಕ ಎಷ್ಟು ತಳ್ಳಬೇಕೆಂದು ಹೇಳುತ್ತದೆ. ಹವ್ಯಾಸಿಯ ಸೆಲ್‌ಗೆ ಕಂಪ್ಯೂಟರೂ ಇಲ್ಲ, ಕರೆಂಟೂ ಇಲ್ಲ. ಆದ್ದರಿಂದ ಅದರ ಆರೋಗ್ಯವನ್ನು ಬಿಂಬ ನೋಡಿ ಹೇಳಬೇಕಾದವರು ಕಟ್ಟಿದವರೇ.

ಅದಕ್ಕೆ ನಕ್ಷತ್ರವೇ ಉಪಕರಣ. ಹೆಚ್ಚಿನ ಪವರಿನ ಕಣ್ಣಮಸೂರ ಹಾಕಿ, ನಕ್ಷತ್ರವೊಂದನ್ನು ಫೋಕಸ್ಸಿನಿಂದ ಸ್ವಲ್ಪ ಒಳಕ್ಕೂ ಸ್ವಲ್ಪ ಹೊರಕ್ಕೂ ಸರಿಸಿ ನೋಡಿ. ದುಂಡಗಿನ ಬಿಲ್ಲೆ ಕಂಡರೆ ಸರಿ. ಒಂದು ಕಡೆ ಉದ್ದುದ್ದ, ಇನ್ನೊಂದು ಕಡೆ ಅದಕ್ಕೆ ಅಡ್ಡಡ್ಡ ಕಂಡರೆ ಅದು ಆಸ್ಟಿಗ್ಮ್ಯಾಟಿಸಂ, ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆಯುವ ದೋಷ. ಮುಕ್ಕೋನವಾಗಿ ಕಂಡರೆ ಮೂರು ಬಿಂದುಗಳು ಮಾತ್ರ ಭಾರ ಹೊರುತ್ತಿವೆಯೇ ಎಂದು ಮೊದಲು ಅನುಮಾನಿಸಿ. ಆಮೇಲೆ ತಪ್ಪು ಯಾರದೆಂದು ಪತ್ತೆ ಮಾಡುವುದು ಸುಲಭ. ತಲೆಯನ್ನು ವಾಲಿಸಿದಾಗ ಉದ್ದನೆಯ ಆಕಾರವೂ ಜೊತೆಗೆ ವಾಲಿದರೆ ದೋಷ ನಿಮ್ಮ ಕಣ್ಣಿನದು. ಕನ್ನಡಿಯನ್ನು ಸೆಲ್‌ನೊಳಗೆ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ: ಆಕಾರವೂ ಕಾಲು ಸುತ್ತು ತಿರುಗಿದರೆ ದೋಷ ಗಾಜಿನದು, ಇದ್ದಲ್ಲೇ ಇದ್ದರೆ ಸೆಲ್‌ನದು. ನೆತ್ತಿಯ ಬಳಿಯ ನಕ್ಷತ್ರ ದುಂಡಗಿದ್ದು, 30 ಡಿಗ್ರಿ ಎತ್ತರದ್ದು ಕೆಟ್ಟಿದ್ದರೆ ಹಿಂಬದಿಯ ಹದಿನೆಂಟು ಬಿಂದುಗಳು ನಿರ್ದೋಷಿಗಳು, ಅಂಚಿನ ಆಸರೆಯನ್ನು ನೋಡಿ.

ದೊಡ್ಡ ಕನ್ನಡಿಯ ಬಿಂಬ ಚೆನ್ನಾಗಿಲ್ಲ ಎನ್ನುವವರಲ್ಲಿ ಅನೇಕರು ಗಾಜನ್ನು ಮತ್ತೆ ಉಜ್ಜಲು ಕೂರುತ್ತಾರೆ, ಇಲ್ಲವೇ ಮಾಡಿಕೊಟ್ಟವರಿಗೆ ವಾಪಸು ಕಳಿಸುತ್ತಾರೆ. ಅದಕ್ಕೂ ಮುಂಚೆ ಈ ಪರೀಕ್ಷೆಗೆ ಒಂದು ರಾತ್ರಿ ಕೊಡಿ. ಮರುದಿನ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಬಿಗಿದ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಕ್ಲಿಪ್ಪುಗಳನ್ನು ಹಿಂದಕ್ಕೆ ಸರಿಸಿ, ಫಲಕಗಳು ಬೆರಳಿಗೆ ತೂಗಾಡುತ್ತವೆಯೇ ಎಂದು ನೋಡಿ. ತಪ್ಪಾಗಿ ಮತ್ತೆ ಉಜ್ಜಿದ ಗಾಜನ್ನು ಹಿಂದಿನ ಸ್ಥಿತಿಗೆ ತರುವುದು ತಿಂಗಳುಗಳ ಕೆಲಸ. ನಟ್ಟು ಸಡಿಲಿಸಿದ್ದು ತಪ್ಪಾದರೆ ಮತ್ತೆ ಬಿಗಿಯಲು ಎರಡು ನಿಮಿಷ ಸಾಕು.